ಹಳಿಯ ಅಗಲ ತಂದಿಟ್ಟ ತೊಡಕು

ರೈಲು ಎಂದೊಡನೆ ಕಣ್ಣಿಗೆ ಕಟ್ಟುವುದು ಎಂಜಿನ್, ಬೋಗಿಗಳು. ಎರಡು ಹಳಿಗಳ ನಡುವಿನ ಅಂತರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಭಾರತೀಯ ರೈಲ್ವೆಯನ್ನು ಶತಮಾನಕ್ಕೂ ಹೆಚ್ಚು ಕಾಲ ಕಾಡಿದ್ದು ಈ ಅಂತರವೇ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ದೂರ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಅದರ ಹಳಿಗಳ ನಡುವಿನ ಅಂತರ ಐದೂವರೆ ಅಡಿ. ಇದೇ ಬ್ರಾಡ್‌ಗೇಜ್. ಇಂಗ್ಲೆಂಡಿನಲ್ಲಿ ಬೇರೆ ಬೇರೆ ಕಂಪೆನಿಗಳು ಬೇರೆ ಬೇರೆ ಅಳತೆಯ ಹಳಿ ಹಾಕಿ ಪಟ್ಟ ಪಾಡನ್ನು ಗವರ್ನರ್ ಜನರಲ್ ಡಾಲ್‌ಹೌಸಿ ಬಲ್ಲವನಾಗಿದ್ದ. ಇಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಇರಬೇಕೆಂಬುದು ಅವನ ನಿಲುವಾಗಿತ್ತು.

1870ರ ಹೊತ್ತಿಗೆ ಸರಕಾರಕ್ಕೆ ಖರ್ಚಿನ ಚಿಂತೆ ಹತ್ತಿತು. ವೈಸರಾಯ್ ಮೇಯೊ ಕಾಲದಲ್ಲಿ ಅಗ್ಗದ ಮೀಟರ್‌ಗೇಜ್ ಬಂತು. ಮದ್ರಾಸ್ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ಬ್ರಾಡ್‌ಗೇಜ್ ರೈಲು ಬಂದಿತ್ತು. ಆದರೆ ಬರಗಾಲದಲ್ಲಿ ಕಂಗೆಟ್ಟವರಿಗೆ ಕೂಲಿ ಒದಗಿಸಲು ಆರಂಭವಾಗಿ 1882ರ ಹೊತ್ತಿಗೆ ಮುಗಿದ ಬೆಂಗಳೂರು-ಮೈಸೂರು ಮಾರ್ಗ ಮೀಟರ್‌ಗೇಜ್ ಆಯಿತು.

ಉಳಿತಾಯ ಆದದ್ದು ನಿಜ. ಆದರೆ ಒಂದು ಗೇಜಿನ ಬೋಗಿ ಇನ್ನೊಂದರ ಮೇಲೆ ಓಡದು. ಮದ್ರಾಸಿನಿಂದ ಮೈಸೂರಿಗೆ ಹೊರಟವರು ಬೆಂಗಳೂರಿನಲ್ಲಿ ಇಳಿದು ಗಂಟುಮೂಟೆಯೊಂದಿಗೆ ಬೇರೆ ರೈಲು ಹತ್ತಬೇಕಿತ್ತು. ಸರಕನ್ನು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ತುಂಬಬೇಕಿತ್ತು. ಸಮಯವೂ ಹಾಳು, ಕೂಲಿಯೂ ದಂಡ.

1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆ ಈ ಗಂಟನ್ನು ಬಿಚ್ಚಲು ಹೊರಟಿತು. ಅದಕ್ಕೂ ಬೆಲೆ ತೆರಬೇಕಾಯಿತು. ಗೇಜ್ ಪರಿವರ್ತನೆಗೆಂದು ಹಾಸನ-ಮಂಗಳೂರು ಮಾರ್ಗ 1996ರಲ್ಲಿ ಮುಚ್ಚಿತು. ಘಟ್ಟ ಇಳಿಯುವ ಈ ಹಾದಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಜನರಿಗೆ ಬಸ್ಸೇ ಗತಿ.

ಇಂದು ದೇಶದ ರೈಲು ಮಾರ್ಗದ ಉದ್ದ ಸುಮಾರು 69 ಸಾವಿರ ಕಿ.ಮೀ. ನಿಲ್ದಾಣಗಳು ಏಳು ಸಾವಿರಕ್ಕೂ ಹೆಚ್ಚು. ದಿನವೊಂದಕ್ಕೆ ಸುಮಾರು ಎರಡು ಕೋಟಿ ಜನ ಸಂಚರಿಸುತ್ತಾರೆ. ಈ ಜಾಲದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಈಗ ಬ್ರಾಡ್‌ಗೇಜ್. ನೀಲಗಿರಿಯ ಮೀಟರ್‌ಗೇಜ್, ಡಾರ್ಜಿಲಿಂಗ್ ಮತ್ತು ಕಾಲ್ಕಾ-ಶಿಮ್ಲಾದ ನ್ಯಾರೋಗೇಜ್ ಮಾರ್ಗಗಳು ಯುನೆಸ್ಕೊ ಪಟ್ಟಿ ಸೇರಿ ಉಳಿದುಕೊಂಡಿವೆ.

ಡಾಲ್‌ಹೌಸಿ ಬಯಸಿದ್ದ ಒಂದೇ ಅಳತೆಗೆ ದೇಶ ಮರಳಲು ಒಂದೂವರೆ ಶತಮಾನವೇ ಹಿಡಿಯಿತು. ಅಂದಿನ ಉಳಿತಾಯದ ಲೆಕ್ಕವನ್ನು ಮುಂದಿನ ತಲೆಮಾರುಗಳು ಬಡ್ಡಿ ಸಮೇತ ತೀರಿಸಿದವು.