ಚೌಕದ ಮೇಲೆ ಗುಮ್ಮಟ

ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಹೊರಟರೆ ನಾಲ್ಕು ಮೂಲೆಗಳು ತೆರೆದೇ ಉಳಿಯುತ್ತವೆ. ಗುಮ್ಮಟದ ಭಾರವು ಬುಡವನ್ನು ಹೊರಕ್ಕೆ ಒತ್ತುವುದು ಬೇರೆ. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದಲ್ಲಿ ಈ ತೊಡಕನ್ನು ಬಿಡಿಸಿದ ಬಗೆಯನ್ನು ನೋಡೋಣ. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಇರಿಸಿದರೆ ಎಂಟು ಮೂಲೆಗಳ ನಕ್ಷತ್ರವಾಗುವುದಷ್ಟೆ? ಶಿಲ್ಪಿಗಳು ಎಂಟು ಕಮಾನುಗಳನ್ನು ಹಾಗೆಯೇ ಒಂದನ್ನೊಂದು ಹಾಯುವಂತೆ ಕಟ್ಟಿದರು. ಅವು ಮೂಲೆಗಳನ್ನು ಮುಚ್ಚಿ, ಗುಮ್ಮಟಕ್ಕೆ ದುಂಡನೆಯ ಪೀಠವನ್ನು ಒದಗಿಸಿದುವು. ಒಳಕ್ಕೆ ಚಾಚಿದ ಅವುಗಳ ತೂಕವೇ ಹೊರ ಒತ್ತಡಕ್ಕೆ ಎದುರಾಗಿ ನಿಂತಿತು. ಒಳಗೆ ಸುಮಾರು 38 ಮೀಟರು ಅಗಲವಿದ್ದರೂ ನಡುವೆ ಒಂದು ಕಂಬವೂ ಇಲ್ಲ!

ಆದರೆ ಭಾರವನ್ನು ಹೊರುವ ಬಾಗು ಧ್ವನಿಯನ್ನೂ ಹಿಂದಿರುಗಿಸುತ್ತದೆ. ನಾವು ಪಿಸುಗುಟ್ಟಿದುದು ಎದುರು ಬದಿಯಲ್ಲಿ ಕೇಳಿದರೆ ಗೋರಿಗೆ ಬಾಧಕವಿಲ್ಲ. ಗುಮ್ಮಟವುಳ್ಳ ಲಂಡನ್ನಿನ ಆಲ್ಬರ್ಟ್ ಹಾಲ್ ಎಂಬ ಸಭಾಭವನವಾದರೋ 1871ರಲ್ಲಿ ತೆರೆದಂದಿನಿಂದಲೂ ಪ್ರತಿಧ್ವನಿಯಿಂದ ಪೀಡಿತವಾಗಿತ್ತು. 1969ರಲ್ಲಿ ಮೇಲಿನಿಂದ ಫೈಬರ್ ಗ್ಲಾಸಿನ ತಟ್ಟೆಗಳನ್ನು ತೂಗಹಾಕಿದ ಮೇಲೆ ಅದು ಬಹುಮಟ್ಟಿಗೆ ತಗ್ಗಿತು.