ಒಂದೇ ಖಾನೆಗೆ ಹತ್ತು ಸಾವಿರ ಹೆಸರು

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಗ್ರಂಧಿಗೆ ಅಂಗಡಿಗಳನ್ನು ನೀವು ನೋಡಿರಬಹುದು. ಹಿಪ್ಪಲಿ ಕೇಳಿದರೆ ಅಂಗಡಿಯವರ ಕೈ ನೇರವಾಗಿ ಅದರ ಖಾನೆಗೇ ಹೋಗುತ್ತದೆ. ಎಲ್ಲವೂ ಒಂದೇ ಖಾನೆಯಲ್ಲಿ ಬೆರೆತಿದ್ದರೆ?

ಜಾಲತಾಣ ನಡೆಸುವ ಸರ್ವರ್‌ಗಳಲ್ಲಿಯೂ ಇಂಥ ಖಾನೆಗಳಿವೆ. ನೀವು ಕಳುಹಿಸಿದ ಅರ್ಜಿಯ ಪ್ರತಿ ಅಂಕಣದ ಹೆಸರನ್ನೂ ‘ಹ್ಯಾಶ್’ ಎಂಬ ಸೂತ್ರ ಒಂದು ಸಂಖ್ಯೆಯಾಗಿ ಬದಲಿಸುತ್ತದೆ. ಆ ಸಂಖ್ಯೆಯೇ ಖಾನೆಯನ್ನು ಸೂಚಿಸುತ್ತದೆ. ಜಾಲತಾಣ ರೂಪಿಸುವವರು ಈ ಸೂತ್ರವನ್ನು ತಾವೇ ಬರೆಯುವುದಿಲ್ಲ, ಸಿದ್ಧ ತಂತ್ರಾಂಶ ಲೈಬ್ರರಿಯಿಂದ ಪಡೆಯುತ್ತಾರೆ. ತೊಂದರೆ ಇರುವುದೂ ಅಲ್ಲಿಯೇ.

ಸೂತ್ರ ಬಲ್ಲವರು ಒಂದೇ ಖಾನೆಗೆ ಬೀಳುವ ಹೆಸರುಗಳನ್ನೇ ಆರಿಸಿ ಕಳುಹಿಸಬಹುದು. ಆಗ ಪ್ರತಿ ಹೊಸ ಹೆಸರನ್ನೂ ಅಲ್ಲಿ ಈಗಾಗಲೇ ಇರುವ ಎಲ್ಲದರೊಡನೆ ಹೋಲಿಸಬೇಕಾಗುತ್ತದೆ. 10,000 ಹೆಸರುಗಳಿಗೆ ಹೋಲಿಕೆಗಳೆಷ್ಟು? 10,000 × 9,999 ÷ 2, ಅಂದರೆ ಸುಮಾರು 5 ಕೋಟಿ! (ತರಗತಿಯಲ್ಲಿ ಕೈಕುಲುಕುವ ಲೆಕ್ಕ ಮಾಡಿಸುವ ಶಿಕ್ಷಕರಿಗೆ ಇದು ಪರಿಚಿತವೇ.) ಇಂಥ ಕೋರಿಕೆಗಳು ಒಂದರ ಹಿಂದೊಂದು ಬಂದರೆ ಫಲಿತಾಂಶ ನೋಡಲು ಬಂದ ವಿದ್ಯಾರ್ಥಿ ಕಾಯುತ್ತಲೇ ಇರಬೇಕು. ಮಾಹಿತಿ ಕಳವಾಗದಿದ್ದರೂ ಸೇವೆ ನಿಲ್ಲುತ್ತದೆ. ಇದು ‘ಸೇವಾ ನಿರಾಕರಣೆ’ ದಾಳಿಯ ಒಂದು ಬಗೆ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ 2003ರಲ್ಲಿಯೇ ಎಚ್ಚರಿಸಿದ್ದರು. ಪರ್ಲ್ ಭಾಷೆಯವರು ಸರಿಪಡಿಸಿಕೊಂಡರು. ಪಿಎಚ್‌ಪಿ, ಜಾವಾ, ಪೈಥಾನ್‌ಗಳಲ್ಲಿ ದೋಷ ಉಳಿದೇ ಇತ್ತು. 2011ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ ಅದು ಬಯಲಾಯಿತು. ಎಂಟು ವರ್ಷ! ಮದ್ದೇನೋ ಸರಳ: ಕ್ರಮವಿಧಿ ಆರಂಭವಾದಾಗಲೆಲ್ಲ ಸೂತ್ರಕ್ಕೆ ಗುಟ್ಟಾದ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸುವುದು. ಯಾವ ಹೆಸರು ಯಾವ ಖಾನೆಗೆ ಎಂದು ಹೊರಗಿನವರು ಆಗ ಊಹಿಸಲಾರರು. ಪಿಎಚ್‌ಪಿ ಬೇರೆ ದಾರಿ ಹಿಡಿದು, ಒಂದು ಕೋರಿಕೆಗೆ 1,000 ಅಂಕಣಗಳ ಮಿತಿ ಹಾಕಿತು. ಆಗ ಹೋಲಿಕೆಗಳೆಷ್ಟು? ನೀವೇ ಲೆಕ್ಕ ಹಾಕಿ ನೋಡಿ.