ಹಳೇ ಕಾರಿಗೆ ಹೊಸ ಎಣ್ಣೆ
ಕಾಕಾನ ಎಡಗಾಲಿಗೆ ಶಕ್ತಿಯಿಲ್ಲ. ಕ್ಲಚ್ ತುಳಿಯುವ ಕೆಲಸವಿಲ್ಲವೆಂದೇ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ಕೊಂಡಿದ್ದೆವು. ಚಡಚಣದಿಂದ ಸೋಲಾಪುರದ ಆಸ್ಪತ್ರೆಗೆ ಅವರೇ ಓಡಿಸಿಕೊಂಡು ಹೋಗುತ್ತಾರೆ.

ಮೀಟರ್ 1.40 ಲಕ್ಷ ಕಿ.ಮೀ. ದಾಟಿತು. ಗೇರ್‌ಬಾಕ್ಸ್ ಎಣ್ಣೆ ಬದಲಿಸೋಣ ಎಂದೆ. ‘ಬ್ಯಾಡ ತಮ್ಮಾ, ಹಳೇ ಗಾಡಿಗೆ ಹೊಸ ಎಣ್ಣಿ ಹಾಕಿದ್ರ ಗೇರ್ ಸ್ಲಿಪ್ ಆಗ್ತಾವ’ ಎಂದರು ಮಿಸ್ತ್ರಿ. ಬಿ.ಇ. ಓದುವ ನನ್ನ ಮುಖವನ್ನೇ ಕಾಕಾ ನೋಡಿದರು. ಗೇರ್‌ಬಾಕ್ಸ್ ಹೋದರೆ ನನ್ನ ಫೀಸಿನ ದುಡ್ಡೂ ಹೋದಂತೆ!

ಮಿಸ್ತ್ರಿಯ ಮಾತು ಪೂರ್ತಿ ಸುಳ್ಳಲ್ಲ. ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಹಿಡಿಸುವುದು, ಬಿಸಿಯನ್ನು ಹೊರಗೊಯ್ಯುವುದು ಈ ಎಣ್ಣೆಯೇ. ಕ್ಲಚ್ ಮೊದಲೇ ಸವೆದಿದ್ದರೆ ಹೊಸ ಎಣ್ಣೆ ಅದನ್ನು ಉಳಿಸದು. ಅಪವಾದ ಮಾತ್ರ ಹೊತ್ತುಕೊಳ್ಳುತ್ತದೆ. ಹಾಗಾಗಿ ಮೊದಲು ಪರೀಕ್ಷಿಸಿದೆವು. ಗೇರ್ ಜಾರುತ್ತಿರಲಿಲ್ಲ. ಅಳತೆಕಡ್ಡಿಗೆ ಅಂಟಿದ ಎಣ್ಣೆಯ ಕೆಂಪು ಮಾಸಿತ್ತು, ಸುಟ್ಟ ವಾಸನೆ ಇರಲಿಲ್ಲ.

ಕಂಪನಿ ಪುಸ್ತಕ ಹೇಳಿದ ಎಣ್ಣೆಯನ್ನೇ ತಂದೆವು. ಯಂತ್ರದಿಂದ ಫ್ಲಶ್ ಮಾಡಿಸದೆ, ಕೆಳಗಿನ ಬೋಲ್ಟ್ ಬಿಚ್ಚಿ, ಇಳಿದಷ್ಟನ್ನು ಅಳೆದು ಅಷ್ಟೇ ತುಂಬಿಸಿದೆವು. ಟಾರ್ಕ್ ಕನ್ವರ್ಟರ್‌ನಲ್ಲಿ ಹಳೆಯದು ಉಳಿದೇ ಇರುತ್ತದೆ. ಅದಕ್ಕೆ ಕೆಲವು ಸಾವಿರ ಕಿ.ಮೀ. ಬಳಿಕ ಇನ್ನೊಮ್ಮೆ ಬದಲಿಸಬೇಕು.

ಮೊನ್ನೆ ಸೋಲಾಪುರದಿಂದ ಬಂದ ಕಾಕಾ, ‘ಗೇರ್ ಬೀಳೂದೇ ಗೊತ್ತಾಗಂಗಿಲ್ಲೋ’ ಎಂದರು. ಹಳೇ ಕಾರು ಕೊಳ್ಳುವ ಗೆಳೆಯರೇ, ಬಣ್ಣ ನೋಡುವ ಮೊದಲು ಎಣ್ಣೆ ಮೂಸಿ ನೋಡಿ.